ಕ್ವೆರಿಯರ್ ಎಲ್ಲಿ ಹೋಯಿತು? ತೀರ್ಥಹಳ್ಳಿ ಕಡೆಯ ಒಂದು ಮಲ್ಟಿಕಾಸ್ಟ್ ಪ್ರಕರಣ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಮುಖ್ಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಒಂದು ರೆಸಾರ್ಟ್ ಇದೆ. ಹೆಸರು ಬೇಡ. ಮೊದಲು ಅದು ಅಡಿಕೆ ಬೆಳೆಗಾರರ ದೊಡ್ಡ ಹೆಂಚಿನ ಮನೆ. ಈಗ ಜಗುಲಿಯೇ ರಿಸೆಪ್ಷನ್. ಮನೆಯ ಹಿಂದೆ 12 ಕೋಣೆಗಳ ಸಾಲು. ತೋಟ ಇಳಿದು ಹಳ್ಳ ದಾಟಿದರೆ ಆಚೆ ದಿಬ್ಬದ ಮೇಲೆ ಆರು ಕಾಟೇಜ್. ಮಾಲೀಕರನ್ನು ಊರಲ್ಲೆಲ್ಲ ಗೌಡ್ರು ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ ಬಂತು. ಸಿಡಿಲಿಗೆ ಅವರ ರೂಟರ್ ಸುಟ್ಟುಹೋಯಿತು. ನೆಟ್‌ವರ್ಕ್ ಹಾಕಿಕೊಟ್ಟ ಕಂಟ್ರಾಕ್ಟರ್ ಕಡೆಯ ಹುಡುಗ ಬಂದು ಎರಡೇ ದಿನದಲ್ಲಿ ಇಂಟರ್ನೆಟ್ ಸರಿ ಮಾಡಿಕೊಟ್ಟ. ಹೊಸ ರೂಟರ್ ತರಿಸಲಿಲ್ಲ. ನೆಟ್‌ವರ್ಕ್ ಕೇಬಲ್‌ಗಳನ್ನೆಲ್ಲ ಸೇರಿಸುವ ದೊಡ್ಡ ಸ್ವಿಚ್ ಇತ್ತಲ್ಲ, ಅದಕ್ಕೆ ರೂಟಿಂಗ್ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟಿಸುವುದು) ಮಾಡುವ ಶಕ್ತಿಯೂ ಇತ್ತು, ರೂಟರ್ ಮಾಡುತ್ತಿದ್ದ ಕೆಲಸವನ್ನೆಲ್ಲ ಅದಕ್ಕೇ ಒಪ್ಪಿಸಿದ. ಯೋಚನೆ ಒಳ್ಳೆಯದೇ. ಇಂಟರ್ನೆಟ್ ಬಂತು, ಸಿಸಿ ಕ್ಯಾಮೆರಾ ಬಂತು. ಅದೇ ನೆಟ್‌ವರ್ಕ್ ಮೇಲೆ ಓಡುವ ಟಿವಿ ಮಾತ್ರ ಹಠ ಹಿಡಿಯಿತು.

ಗೌಡ್ರು ಫೋನಿನಲ್ಲಿ ಹೇಳಿದ್ದು ಇಷ್ಟು: "ಎಂತದ್ದು ಮಾರಾಯ್ರೆ ಇದು, ನಾಲ್ಕು ನಿಮಿಷ ಬರುತ್ತೆ, ಆಮೇಲೆ ಚಿತ್ರ ಹಾಗೇ ನಿಂತುಬಿಡುತ್ತೆ. ಚಾನೆಲ್ ಬದಲಿಸಿದರೆ ಮತ್ತೆ ನಾಲ್ಕು ನಿಮಿಷ. ಕಾಟೇಜಲ್ಲಂತೂ ಮೊದಲಿಂದಲೇ ಕಪ್ಪು."

ಇದಾದ ಮೇಲೆ ಹುಡುಗ ಮತ್ತೆ ಬಂದು ಏನೋ ಬದಲಾಯಿಸಿದನಂತೆ. ಅಲ್ಲಿಂದ ಜಗುಲಿ, ಊಟದ ಹಾಲ್ ಮತ್ತು ಕೋಣೆಗಳ ಟಿವಿ ಸರಿಯಾದವು. ಆದರೆ ಕಾಟೇಜ್‌ಗಳಲ್ಲಿ ಚಿತ್ರ ಚೂರು ಚೂರಾಯಿತು. ರಿಸೆಪ್ಷನ್ನಿನ ವೈಫೈ ಸತ್ತಂತಾಯಿತು. ಕಾರ್ಡ್ ಮೆಷಿನ್ "ಕನೆಕ್ಟಿಂಗ್" ಅಂತ ಸುತ್ತುತ್ತಲೇ ಇರುತ್ತಿತ್ತು. ರೂಮ್ ಖಾಲಿ ಮಾಡಿ ಹೊರಟ ಗೆಸ್ಟ್‌ಗಳು ಬಿಲ್ ಕಟ್ಟಲಿಕ್ಕೆ ಅಂಗಳದಲ್ಲಿ ಸಿಗ್ನಲ್ ಹುಡುಕುತ್ತಾ ನಿಲ್ಲಬೇಕಾಯಿತು. ನಾನು ಹೋಗಿದ್ದು ಈ ಸ್ಥಿತಿಯಲ್ಲಿ.

ಮಳೆಯ ಮೇಲೆ ಹೊತ್ತ ಅನುಮಾನ

ಮಲೆನಾಡಲ್ಲಿ ಟಿವಿ ಕೆಟ್ಟರೆ ಮೊದಲ ಬೈಗುಳ ಮಳೆಗೆ. ಅದರಲ್ಲಿ ತಪ್ಪೇನಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಮನೆ ಮೇಲಿನ ಸಣ್ಣ ಡಿಶ್‌ಗಳು ಹಿಡಿಯುವ ಕೆಯು ಬ್ಯಾಂಡ್ ಸಿಗ್ನಲ್ ಜೋರು ಮಳೆಗೆ ಕುಗ್ಗುವುದೂ ನಿಜ. ಆದರೆ ಮಳೆಯ ತೊಂದರೆ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಮಳೆ ಜೋರಾದಾಗ ಎಲ್ಲ ಟಿವಿಯೂ ಒಟ್ಟಿಗೆ ಹೋಗುತ್ತವೆ, ನಿಂತಾಗ ಒಟ್ಟಿಗೆ ಬರುತ್ತವೆ. ಇಲ್ಲಿ ಬಿಸಿಲಿದ್ದಾಗಲೂ ನಾಲ್ಕು ನಿಮಿಷ. ಅದೂ ಪ್ರತಿ ಟಿವಿಗೂ ಅದರದ್ದೇ ನಾಲ್ಕು ನಿಮಿಷ, ಆ ಚಾನೆಲ್ ಹಾಕಿದ ಕ್ಷಣದಿಂದ ಲೆಕ್ಕ.

ಇನ್ನೊಂದು ಮಾತು ಕೆಲಸದ ಹೆಂಗಸೊಬ್ಬರು ಹೇಳಿದರು. ರಿಮೋಟ್ ಒತ್ತುತ್ತಾ ಚಾನೆಲ್ ಬದಲಿಸುತ್ತಲೇ ಇರುವ ಮಕ್ಕಳು ಒಮ್ಮೆಯೂ ದೂರು ಹೇಳಲಿಲ್ಲವಂತೆ. ದೂರು ಬಂದದ್ದೆಲ್ಲ ಕ್ರಿಕೆಟ್ ಅಥವಾ ಸೀರಿಯಲ್ ಹಾಕಿಕೊಂಡು ಕದಲದೆ ಕೂತವರಿಂದ. ಇಷ್ಟು ಕೇಳಿದ ಮೇಲೆ ಡಿಶ್ ಹತ್ತಿರ ಹೋಗುವ ಅಗತ್ಯವೇ ಕಾಣಲಿಲ್ಲ.

ನೆಟ್‌ವರ್ಕ್ ಹೇಗಿತ್ತು

ಉಪ್ಪರಿಗೆಯ ಮೂಲೆಯಲ್ಲಿ ರ‍್ಯಾಕ್. ಅದರಲ್ಲಿ ಒಂದು ಗೇಟ್‌ವೇ ಪೆಟ್ಟಿಗೆ ಡಿಶ್‌ನಿಂದ 30 ಚಾನೆಲ್ ತೆಗೆದು, ಒಂದೊಂದನ್ನೂ ಒಂದೊಂದು ಮಲ್ಟಿಕಾಸ್ಟ್ ವಿಳಾಸಕ್ಕೆ (ಒಮ್ಮೆ ಕಳಿಸಿದರೆ ಕೇಳಿದವರಿಗೆಲ್ಲ ತಲುಪುವ ಗುಂಪಿನ ವಿಳಾಸ) ಬಿಡುತ್ತದೆ: 239.20.1.1 ರಿಂದ 239.20.1.30 ರವರೆಗೆ. ಒಂದು ಚಾನೆಲ್‌ಗೆ ಸರಾಸರಿ 2.5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಎಲ್ಲ ಸೇರಿದರೆ 75. ಈ ಪೆಟ್ಟಿಗೆಯೂ ಟಿವಿಗಳ ಸೆಟ್‌ಟಾಪ್ ಬಾಕ್ಸ್‌ಗಳೂ ಒಂದೇ ವಿಎಲ್ಯಾನ್‌ನಲ್ಲಿ (ಅದೇ ಸ್ವಿಚ್‌ಗಳ ಒಳಗೆ ಬೇರೆ ಮಾಡಿಟ್ಟ ನೆಟ್‌ವರ್ಕ್) ಇವೆ, ಅದರ ನಂಬರ್ 20. ಇದು ಮುಖ್ಯ, ಯಾಕೆಂದರೆ ಇಲ್ಲಿ ಟಿವಿಗೆ ರೂಟಿಂಗ್ ಬೇಕಾಗಿಯೇ ಇಲ್ಲ.

ರೂಟಿಂಗ್ ಸ್ವಿಚ್‌ನಿಂದ ಜಗುಲಿ ಮತ್ತು ಊಟದ ಹಾಲ್‌ನ ಟಿವಿಗೆ ನೇರ ಕೇಬಲ್. ಕೋಣೆಗಳ ಸಾಲಿಗೆ ಒಂದು ಸಣ್ಣ ಸ್ವಿಚ್. ಕಾಟೇಜ್‌ಗಳಿಗೆ ಬೇರೆ ಕಂಪನಿಯ ಇನ್ನೊಂದು ಸ್ವಿಚ್, ಅದಕ್ಕೆ ದಾರಿ 5 ಗಿಗಾಹರ್ಟ್ಸ್ ರೇಡಿಯೋ ಲಿಂಕ್. ರೇಡಿಯೋ ತೋಟದ ಮೇಲಿಂದ ಹಾದು ಹೋಗುತ್ತದೆ. ಡಬ್ಬದ ಮೇಲೆ ಬರೆದ ವೇಗ ಏನೇ ಇರಲಿ, ನಾನು ಅಳೆದಾಗ ಸಿಕ್ಕಿದ್ದು 60 ಎಂಬಿಪಿಎಸ್ ಸುಮಾರು. ಈ ದೂರಕ್ಕೆ ಮಳೆ ಹನಿಗಿಂತ ಒದ್ದೆ ಸೋಗೆಯೇ ದೊಡ್ಡ ಶತ್ರು. ಅದೇ ಲಿಂಕ್ ಮೇಲೆ ನಾಲ್ಕು ಕ್ಯಾಮೆರಾ, ಕಾಟೇಜ್‌ಗಳ ವೈಫೈ ಎಲ್ಲ ಓಡಬೇಕು.

ಸದಸ್ಯತ್ವ ಅಂದರೆ ಏನು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಐಪಿ ನಾಲ್ಕನೇ ಆವೃತ್ತಿಯಲ್ಲಿ 224.0.0.0 ರಿಂದ 239.255.255.255 ರವರೆಗಿನ ವಿಳಾಸಗಳು ಗುಂಪುಗಳಿಗೆ. ಅದರಲ್ಲಿ 239 ರಿಂದ ಶುರುವಾಗುವವು ಖಾಸಗಿ ಬಳಕೆಗೆ. ನೀವು ಏಳನೇ ಚಾನೆಲ್ ಒತ್ತಿದರೆ ಸೆಟ್‌ಟಾಪ್ ಬಾಕ್ಸ್ "239.20.1.7 ನನಗೆ ಬೇಕು" ಅಂತ ಒಂದು ಸಣ್ಣ ಪ್ಯಾಕೆಟ್ ಕಳಿಸುತ್ತದೆ. ಅದು ರಿಪೋರ್ಟ್. ಚಾನೆಲ್ ಬಿಟ್ಟಾಗ ಕಳಿಸುವುದು ಲೀವ್. ಈ ಮಾತುಕತೆಯ ನಿಯಮವೇ ಐಜಿಎಂಪಿ. ಮೊದಲ ಆವೃತ್ತಿ 1989 ರಲ್ಲಿ ಸ್ಟೀವ್ ಡೀರಿಂಗ್ ಬರೆದ ಆರ್‌ಎಫ್‌ಸಿ 1112 ರಲ್ಲಿ ಬಂತು (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ತಂತ್ರಜ್ಞಾನದ ದಾಖಲೆ). ಲೀವ್ ಸೇರಿದ್ದು 1997 ರ ಎರಡನೇ ಆವೃತ್ತಿಯಲ್ಲಿ. ಮೂರನೆಯದು 2002 ರದ್ದು. ಇಲ್ಲಿನ ಬಾಕ್ಸ್‌ಗಳು ಆಡುವುದು ಎರಡನೆಯ ಆವೃತ್ತಿಯ ಭಾಷೆ.

ಈ ನಿಯಮ ಬರೆದದ್ದು ಹೋಸ್ಟ್ (ಇಲ್ಲಿ ಸೆಟ್‌ಟಾಪ್ ಬಾಕ್ಸ್) ಮತ್ತು ರೂಟರ್ ನಡುವಿನ ಮಾತಿಗೆ. ಮಧ್ಯದ ಸ್ವಿಚ್‌ಗೆ ಇದರಲ್ಲಿ ಪಾತ್ರವೇ ಇಲ್ಲ. ಸ್ವಿಚ್ ಸುಮ್ನೆ ಕದ್ದು ಕೇಳಿಸಿಕೊಂಡು, ಯಾವ ಪೋರ್ಟ್‌ನವರು (ಪೋರ್ಟ್ ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿ) ಯಾವ ಗುಂಪು ಕೇಳಿದರು ಅಂತ ಪಟ್ಟಿ ಮಾಡಿಕೊಳ್ಳುತ್ತದೆ. ಬೇಕಾದ ಪೋರ್ಟ್‌ಗೆ ಮಾತ್ರ ಚಾನೆಲ್ ಬಿಡುತ್ತದೆ. ಇದಕ್ಕೇ ಸ್ನೂಪಿಂಗ್ ಅನ್ನುವುದು. ಇದರ ಬಗ್ಗೆ ಇರುವ ಆರ್‌ಎಫ್‌ಸಿ 4541, 2006 ರದ್ದು, ಕಡ್ಡಾಯ ನಿಯಮವಲ್ಲ, ಬರೀ ಸಲಹೆ. ಹಾಗಾಗಿ ಒಂದೊಂದು ಕಂಪನಿಯ ಸ್ವಿಚ್ ಒಂದೊಂದು ರೀತಿ ನಡೆದುಕೊಳ್ಳುತ್ತದೆ.

ಪಟ್ಟಿಯಲ್ಲಿ ಒಮ್ಮೆ ಹೆಸರು ಬಂದರೆ ಖಾಯಂ ಅಲ್ಲ. ಟಿವಿಯ ಪ್ಲಗ್ ಕಿತ್ತರೆ ಲೀವ್ ಕಳಿಸುವವರು ಯಾರು? ಅದಕ್ಕೇ ಒಬ್ಬರು ಆಗಾಗ ಕೇಳುತ್ತಿರಬೇಕು: "ಯಾರಿಗೆ ಯಾವುದು ಬೇಕು, ಹೇಳಿ". ಮೇಷ್ಟ್ರು ದಿನಾ ಹಾಜರಿ ಕೂಗುವ ಹಾಗೆ. ಈ ಕೂಗು ಕ್ವೆರಿ, ಕೂಗುವವರು ಕ್ವೆರಿಯರ್. ಮಾಮೂಲಿ ಸೆಟ್ಟಿಂಗ್‌ನಲ್ಲಿ 125 ಸೆಕೆಂಡಿಗೊಮ್ಮೆ 224.0.0.1 ವಿಳಾಸಕ್ಕೆ ಕ್ವೆರಿ ಹೋಗುತ್ತದೆ. ಉತ್ತರಕ್ಕೆ 10 ಸೆಕೆಂಡ್ ಸಮಯ. ಒಂದು ಕ್ವೆರಿ ದಾರಿಯಲ್ಲಿ ಕಳೆದುಹೋಗಬಹುದು ಅಂತ ಎರಡು ಸುತ್ತು ಕಾಯುತ್ತಾರೆ. 125 ರ ಎರಡರಷ್ಟು, ಮೇಲೆ 10, ಒಟ್ಟು 260 ಸೆಕೆಂಡ್. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಪಟ್ಟಿಯಿಂದ ಹೆಸರು ಅಳಿಸುತ್ತಾರೆ.

260 ಸೆಕೆಂಡ್ ಅಂದರೆ 4 ನಿಮಿಷ 20 ಸೆಕೆಂಡ್. ಗೌಡ್ರ ಫೋನ್ ಬಂದಾಗಲೇ ಅನುಮಾನ ಇಲ್ಲಿಗೆ ಹೋಗಿತ್ತು. ಕ್ವೆರಿ ಕೇಳಿದರೆ ಮಾತ್ರ ಬಾಕ್ಸ್ ಮತ್ತೆ ರಿಪೋರ್ಟ್ ಕೊಡುತ್ತದೆ. ಚಾನೆಲ್ ಹಾಕಿದಾಗ ಕೊಟ್ಟಿದ್ದೇ ಕೊನೆ, ಆಮೇಲೆ ಯಾರೂ ಕೇಳಲಿಲ್ಲ, ಬಾಕ್ಸ್ ಹೇಳಲಿಲ್ಲ, ಸ್ವಿಚ್ ಕತ್ತರಿಸಿತು.

ಹುಡುಗ ಮಾಡಿದ್ದು

ರ‍್ಯಾಕ್ ಮುಂದೆ ಕೂತು ನೋಡಿದರೆ ರೂಟಿಂಗ್ ಸ್ವಿಚ್‌ನಲ್ಲೂ ಕೋಣೆಗಳ ಸ್ವಿಚ್‌ನಲ್ಲೂ ಸ್ನೂಪಿಂಗ್ ಆಫ್. ಆಫ್ ಆದರೆ ಸ್ವಿಚ್ ಮಲ್ಟಿಕಾಸ್ಟನ್ನು ಎಲ್ಲ ಪೋರ್ಟ್‌ಗೂ ಸುರಿಯುತ್ತದೆ. ಕೋಣೆಯ ಬಾಕ್ಸ್‌ಗೆ 100 ಎಂಬಿಪಿಎಸ್ ಪೋರ್ಟ್ ಇದೆ, 75 ಬಂದರೂ ಹೇಗೋ ತಡೆದುಕೊಂಡು ತನ್ನ ಚಾನೆಲ್ ಆರಿಸಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಟಿವಿ "ಸರಿ"ಯಾಗಿತ್ತು. 60 ರ ರೇಡಿಯೋಗೆ 75 ಸುರಿದರೆ? ಕಾಟೇಜಿನ ಚಿತ್ರ ಚೂರಾದದ್ದು ಹಾಗೆ.

ವೈಫೈ ಕಥೆ ಇನ್ನೂ ಕೆಟ್ಟದ್ದು. ಸಿಬ್ಬಂದಿ ಫೋನ್‌ನಲ್ಲಿ ಟಿವಿ ನೋಡಲಿ ಅಂತ ರಿಸೆಪ್ಷನ್ನಿನ ಒಂದು ಆಕ್ಸೆಸ್ ಪಾಯಿಂಟನ್ನು ಯಾವಾಗಲೋ 20 ನೇ ವಿಎಲ್ಯಾನ್‌ಗೂ ಸೇರಿಸಿದ್ದರು. ವೈಫೈನಲ್ಲಿ ಮಲ್ಟಿಕಾಸ್ಟನ್ನು ಎಲ್ಲರಿಗೂ ಕೇಳಿಸಲಿ ಅಂತ ತೀರಾ ಕಡಿಮೆ ವೇಗದಲ್ಲಿ ಕಳಿಸುತ್ತಾರೆ, 2.4 ಗಿಗಾಹರ್ಟ್ಸ್‌ನಲ್ಲಿ ಅದು 1 ಎಂಬಿಪಿಎಸ್ಸೂ ಇರಬಹುದು. ಅಂಥ ದಾರಿಗೆ 75 ನುಗ್ಗಿಸಿದರೆ ಗಾಳಿಯಲ್ಲಿ ಬೇರೆಯವರಿಗೆ ಜಾಗವೇ ಇಲ್ಲ. ಕಾರ್ಡ್ ಮೆಷಿನ್ ಸುತ್ತುತ್ತಿದ್ದದ್ದು ಬ್ಯಾಂಕಿನ ತಪ್ಪಲ್ಲ.

ಹುಡುಗನಿಗೆ ಫೋನ್ ಮಾಡಿದೆ. ಅವನು ಏನೂ ಮುಚ್ಚಿಡಲಿಲ್ಲ. "ಸಾರ್, ಟಿವಿ ನಿಲ್ತಾ ಇತ್ತಲ್ವಾ, ಸ್ನೂಪಿಂಗ್ ತೆಗೆದರೆ ಸರಿಹೋಗುತ್ತೆ ಅಂತ ಆಫೀಸಿಂದ ಹೇಳಿದ್ರು. ತೆಗೆದೆ, ಸರಿಹೋಯ್ತು." ಈ ಸಲಹೆ ನಾನು ಎಷ್ಟೋ ಕಡೆ ಕೇಳಿದ್ದೇನೆ. ನಿಜವಾಗಿ ಟಿವಿ ಓಡುತ್ತದೆ, ಅದೇ ಇದರ ಅಪಾಯ. ದೂರು ಒಂದು ಕಡೆ ನಿಂತು ಇನ್ನೊಂದು ಕಡೆ ಶುರುವಾಗುತ್ತದೆ, ಎರಡಕ್ಕೂ ನಂಟಿದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಯಾರೋ ಕೇಳುತ್ತಿದ್ದರು

ಎರಡೂ ಸ್ವಿಚ್‌ನಲ್ಲಿ ಸ್ನೂಪಿಂಗ್ ಮತ್ತೆ ಆನ್ ಮಾಡಿದೆ. ವೈಫೈ ಆ ನಿಮಿಷವೇ ಉಸಿರಾಡಿತು. ಜಗುಲಿಯ ಟಿವಿಯಲ್ಲಿ ಒಂದು ನ್ಯೂಸ್ ಚಾನೆಲ್ ಹಾಕಿ ಗಡಿಯಾರ ನೋಡುತ್ತಾ ಕೂತೆವು. ನನ್ನ ಲೆಕ್ಕದ ಪ್ರಕಾರ 4 ನಿಮಿಷ 20 ಸೆಕೆಂಡಿಗೆ ನಿಲ್ಲಬೇಕು. ಐದು ನಿಮಿಷ ಆಯಿತು, ಹತ್ತಾಯಿತು. ಟಿವಿ ನಿಲ್ಲಲೇ ಇಲ್ಲ. ಗೌಡ್ರು "ಸರಿಹೋಯ್ತಲ್ಲ" ಅಂದರು. ಕಾಟೇಜಿಂದ ಫೋನ್ ಬಂತು: ಅಲ್ಲಿ ಇನ್ನೂ ಚೂರು ಚೂರೇ.

ರೇಡಿಯೋ ಪೋರ್ಟ್‌ನ ಲೆಕ್ಕ ತೆಗೆದು ನೋಡಿದರೆ ಸ್ನೂಪಿಂಗ್ ಇದ್ದರೂ ಪೂರ್ತಿ 75 ಆ ಕಡೆ ಹೋಗುತ್ತಿದೆ. ಕಾಟೇಜ್‌ನಲ್ಲಿ ಆಗ ಓಡುತ್ತಿದ್ದದ್ದು ಎರಡೇ ಟಿವಿ.

ಟಿವಿ ನಿಲ್ಲಲಿಲ್ಲ ಅಂದರೆ ಯಾರೋ ಕ್ವೆರಿ ಕಳಿಸುತ್ತಿದ್ದಾರೆ. ರೂಟಿಂಗ್ ಸ್ವಿಚ್‌ನಲ್ಲಿ 20 ನೇ ವಿಎಲ್ಯಾನ್‌ನ ಕ್ವೆರಿಯರ್ ಯಾರು ಅಂತ ಕೇಳಿದೆ. ಉತ್ತರ: 10.20.0.11, ರೇಡಿಯೋ ಪೋರ್ಟ್ ಕಡೆಯಿಂದ. ಅದು ಕಾಟೇಜ್ ಸ್ವಿಚ್‌ನ ವಿಳಾಸ! ಹುಡುಗನಿಗೆ ಮತ್ತೆ ಫೋನ್. ಹೌದು, ಕಾಟೇಜ್‌ನಲ್ಲಿ ಕಪ್ಪಾಗಿತ್ತಲ್ಲ, ಅಲ್ಲಿನ ಸ್ವಿಚ್‌ನ ಮೆನುವಿನಲ್ಲಿ "ಕ್ವೆರಿಯರ್" ಅಂತ ಕಂಡಿತ್ತು, ಅದನ್ನೂ ಆನ್ ಮಾಡಿದ್ದ.

ಈ ಪ್ರಕರಣದ ಒಳ್ಳೆಯ ಭಾಗ ಇದೇ ಅಂತ ನನಗನ್ನಿಸುತ್ತದೆ. ಕ್ವೆರಿಯರ್ ಇದೆ, ಆದರೆ ತಪ್ಪು ಜಾಗದಲ್ಲಿದೆ. ಏನಾಗುತ್ತದೆ? ಕ್ವೆರಿ ಬಂದ ಪೋರ್ಟ್‌ನ ಆಚೆ ಮಲ್ಟಿಕಾಸ್ಟ್ ರೂಟರ್ ಇದೆ ಅಂತ ಸ್ವಿಚ್ ನಂಬುತ್ತದೆ. ಅದನ್ನು ಎಂರೂಟರ್ ಪೋರ್ಟ್ ಅಂತ ಗುರುತು ಹಾಕಿಕೊಳ್ಳುತ್ತದೆ. ಆ ಪೋರ್ಟ್‌ಗೆ ಎರಡು ವಿಷಯ ಕಳಿಸಬೇಕು: ಎಲ್ಲರ ರಿಪೋರ್ಟ್, ಮತ್ತು ಎಲ್ಲ ಗುಂಪಿನ ಎಲ್ಲ ಡೇಟಾ. ಯಾಕೆಂದರೆ ರೂಟರ್ ಅದನ್ನು ಬೇರೆ ನೆಟ್‌ವರ್ಕ್‌ಗೆ ಸಾಗಿಸಬೇಕಾಗಬಹುದು, ಅದಕ್ಕೆ ಯಾವುದು ಬೇಕು ಅಂತ ಸ್ವಿಚ್‌ಗೆ ಗೊತ್ತಿಲ್ಲ. ಹೀಗಾಗಿ 30 ಚಾನೆಲ್‌ಗಳೂ ಇಲ್ಲದ ರೂಟರ್ ಹುಡುಕಿಕೊಂಡು ಹಳ್ಳ ದಾಟುತ್ತಿದ್ದವು. ಇಡೀ ನೆಟ್‌ವರ್ಕ್‌ನ ಅತಿ ಸಣ್ಣ ದಾರಿಯಲ್ಲಿ.

ರೋಗ ಮತ್ತೆ ಬರಿಸಿ ನೋಡಿದ್ದು

ನೇರ ಮದ್ದಿಗೆ ಹೋಗಬಹುದಿತ್ತು. ಆದರೆ ಮೊದಲ ದಿನ ಕಾಟೇಜ್ ಪೂರ್ತಿ ಕಪ್ಪು, ಉಳಿದ ಕಡೆ ನಾಲ್ಕು ನಿಮಿಷ, ಈ ವ್ಯತ್ಯಾಸ ಯಾಕೆ ಅಂತ ತಿಳಿಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಮಧ್ಯಾಹ್ನ, ಊಟದ ಹೊತ್ತು, ಗೆಸ್ಟ್‌ಗಳು ಕಡಿಮೆ. ಗೌಡ್ರ ಒಪ್ಪಿಗೆ ಪಡೆದು ಕಾಟೇಜ್ ಸ್ವಿಚ್‌ನ ಕ್ವೆರಿಯರ್ ಆಫ್ ಮಾಡಿದೆ. ಕಾಟೇಜ್ ಹತ್ತಿರ ಗೌಡ್ರ ಮಗ ನಿಂತ, ಜಗುಲಿಯಲ್ಲಿ ನಾನು.

ಲ್ಯಾಪ್‌ಟಾಪನ್ನು ಸ್ವಿಚ್‌ಗೆ ಸಿಕ್ಕಿಸಿ, ಜಗುಲಿ ಟಿವಿಯ ಪೋರ್ಟನ್ನು ಅದಕ್ಕೆ ಮಿರರ್ ಮಾಡಿ (ಅಲ್ಲಿ ಓಡುವುದರ ನಕಲು ಇಲ್ಲಿಗೂ ಬರುವ ಹಾಗೆ) ಪ್ಯಾಕೆಟ್ ನೋಡುವ ಸಾಫ್ಟ್‌ವೇರ್ ವೈರ್‌ಶಾರ್ಕ್ ತೆರೆದೆ. ಐಜಿಎಂಪಿ ಮಾತ್ರ ತೋರಿಸು ಅಂತ ಫಿಲ್ಟರ್. ಏಳನೇ ಚಾನೆಲ್ ಹಾಕಿದ ತಕ್ಷಣ 239.20.1.7 ಕ್ಕೆ ರಿಪೋರ್ಟ್, ಸ್ವಲ್ಪ ಹೊತ್ತಿಗೆ ಇನ್ನೊಂದು ರಿಪೋರ್ಟ್. ಆಮೇಲೆ ಖಾಲಿ. 224.0.0.1 ಕ್ಕೆ ಹೋಗುವ ಒಂದು ಕ್ವೆರಿಯೂ ಇಲ್ಲ. ನಾಲ್ಕು ನಿಮಿಷ ದಾಟಿ ಇಪ್ಪತ್ತು ಸೆಕೆಂಡಿನ ಆಚೀಚೆ ವಾರ್ತೆ ಓದುತ್ತಿದ್ದವರು ಬಾಯಿ ತೆರೆದಂತೆಯೇ ನಿಂತರು. ಸ್ವಿಚ್‌ನ ಪಟ್ಟಿಯಲ್ಲಿ ಆ ಸಾಲು ಇಲ್ಲ.

ಕಾಟೇಜ್‌ನಲ್ಲಿ ಹಳೆ ಎಂರೂಟರ್ ಗುರುತುಗಳೆಲ್ಲ ಹೋಗುವಷ್ಟು ಹೊತ್ತು ಕಾದು, ಹೊಸ ಚಾನೆಲ್ ಹಾಕಿಸಿದೆ. ಕಪ್ಪು. ಕಾಟೇಜ್ ಸ್ವಿಚ್‌ನ ಪಟ್ಟಿ ನೋಡಿದರೆ 239.20.1.12, ಪೋರ್ಟ್ 3, ನೀಟಾಗಿ ಕೂತಿದೆ. ಅದೇ ಹೊತ್ತಿಗೆ ರೂಟಿಂಗ್ ಸ್ವಿಚ್‌ನ ಪಟ್ಟಿಯಲ್ಲಿ ಹನ್ನೆರಡರ ಸುದ್ದಿಯೇ ಇಲ್ಲ. ಎರಡು ಕಿಟಕಿ ಪಕ್ಕ ಪಕ್ಕ ಇಟ್ಟಾಗ ವಿಷಯ ಬಿಡಿಸಿಕೊಂಡಿತು. ರಿಪೋರ್ಟನ್ನು ಎಂರೂಟರ್ ಪೋರ್ಟ್‌ಗೆ ಮಾತ್ರ ದಾಟಿಸಬೇಕು ಅನ್ನುವ ಸಲಹೆಯನ್ನು ಆ ಸ್ವಿಚ್ ಅಕ್ಷರಶಃ ಪಾಲಿಸುತ್ತದೆ. ಎಂರೂಟರ್ ಪೋರ್ಟ್ ಇಲ್ಲ, ಹಾಗಾಗಿ ರಿಪೋರ್ಟ್ ಅಲ್ಲೇ ಸತ್ತಿತು. ಕೋಣೆಗಳ ಸ್ವಿಚ್ ಇನ್ನೊಂದು ಕಂಪನಿಯದು, ಅದು ಎಂರೂಟರ್ ಗೊತ್ತಿಲ್ಲದಿದ್ದರೆ ರಿಪೋರ್ಟನ್ನು ಎಲ್ಲ ಕಡೆ ಬಿಡುತ್ತದೆ. ಅದಕ್ಕೇ ಕೋಣೆಗಳಿಗೆ ನಾಲ್ಕು ನಿಮಿಷದ ಭಾಗ್ಯ, ಕಾಟೇಜ್‌ಗೆ ಅದೂ ಇಲ್ಲ. ಒಂದೇ ಕಾಯಿಲೆ, ಎರಡು ಲಕ್ಷಣ.

ಇನ್ನೊಂದು ಸೆಟ್ಟಿಂಗ್ ಕೂಡ ಹೇಳಬೇಕು. ಯಾರೂ ಕೇಳದ ಗುಂಪಿನ ಡೇಟಾ ಬಂದರೆ ಏನು ಮಾಡಬೇಕು ಅನ್ನುವುದಕ್ಕೆ ರೂಟಿಂಗ್ ಸ್ವಿಚ್‌ನಲ್ಲಿ "ಬಿಸಾಡು" ಅಂತ ಇತ್ತು. "ಎಲ್ಲ ಕಡೆ ಬಿಡು" ಅಂತ ಇದ್ದಿದ್ದರೆ ಟಿವಿ ನಿಲ್ಲುತ್ತಲೇ ಇರಲಿಲ್ಲ, ಸದ್ದಿಲ್ಲದೆ ಎಲ್ಲ ಕಡೆ ಸುರಿಯುತ್ತಿತ್ತು. ಬಿಸಾಡುವುದೇ ಸರಿ, ಅದನ್ನು ಹಾಗೇ ಬಿಟ್ಟೆ.

ಸುಟ್ಟ ರೂಟರ್ ಏನು ಮಾಡುತ್ತಿತ್ತು

ಕಂಟ್ರಾಕ್ಟರ್ ಹತ್ತಿರ ಹಳೆ ರೂಟರ್‌ನ ಕಾನ್ಫಿಗ್ ಫೈಲ್ ಇಮೇಲ್‌ನಲ್ಲಿ ಉಳಿದಿತ್ತು. ತರಿಸಿ ನೋಡಿದೆ. 20 ನೇ ವಿಎಲ್ಯಾನ್‌ನ ಇಂಟರ್‌ಫೇಸ್ ಕೆಳಗೆ ಪಿಮ್ ಆನ್ ಆಗಿತ್ತು. ಪಿಮ್ ಅನ್ನುವುದು ಮಲ್ಟಿಕಾಸ್ಟನ್ನು ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಸಾಗಿಸುವ ವ್ಯವಸ್ಥೆ. ಇಲ್ಲಿ ಅದರ ಅಗತ್ಯ ಇರಲಿಲ್ಲ. ಆದರೆ ಪಿಮ್ ಆನ್ ಮಾಡಿದರೆ ಆ ಇಂಟರ್‌ಫೇಸ್‌ನಲ್ಲಿ ಐಜಿಎಂಪಿಯೂ ಆನ್ ಆಗಿ ಕ್ವೆರಿ ಹೋಗತೊಡಗುತ್ತದೆ. ಯಾರೋ ಬೇರೆ ಉದ್ದೇಶಕ್ಕೆ ಹಾಕಿದ ಒಂದು ಸಾಲಿನಿಂದ ಇಡೀ ರೆಸಾರ್ಟ್‌ನ ಟಿವಿ ನಡೆಯುತ್ತಿತ್ತು. ಹುಡುಗ ಐಪಿ ವಿಳಾಸ, ಡಿಎಚ್‌ಸಿಪಿ (ಯಂತ್ರಗಳಿಗೆ ತಾನಾಗಿ ವಿಳಾಸ ಹಂಚುವುದು), ಡಿಫಾಲ್ಟ್ ರೂಟ್ ಎಲ್ಲ ಸ್ವಿಚ್‌ಗೆ ತಂದ. ಸ್ವಿಚ್‌ನಲ್ಲಿ ರೂಟಿಂಗ್ ಆನ್ ಅಂದರೆ ಮಲ್ಟಿಕಾಸ್ಟ್ ಕೂಡ ಆನ್ ಅಂತ ಅಂದುಕೊಂಡ. ಹೆಚ್ಚಿನ ರೂಟಿಂಗ್ ಸ್ವಿಚ್‌ಗಳಲ್ಲಿ ಅದು ಬೇರೆ ಸಾಲು. ಸ್ನೂಪಿಂಗ್ ಒಂದು, ಕ್ವೆರಿಯರ್ ಇನ್ನೊಂದು, ಪಿಮ್ ಮೂರನೆಯದು.

ಮದ್ದು

ಪಿಮ್ ಹಾಕಲಿಲ್ಲ. ಒಂದೇ ವಿಎಲ್ಯಾನ್ ಒಳಗಿನ ಕೆಲಸಕ್ಕೆ ಅದು ಬರೀ ಭಾರ. ರೂಟಿಂಗ್ ಸ್ವಿಚ್‌ನಲ್ಲಿ 20 ಕ್ಕೆ ಮಾತ್ರ ಸ್ನೂಪಿಂಗ್ ಕ್ವೆರಿಯರ್ ಆನ್ ಮಾಡಿದೆ, ಎರಡನೇ ಆವೃತ್ತಿ, 125 ಸೆಕೆಂಡ್ ಹಾಗೇ. ಈ ಅಂತರ ಕಡಿಮೆ ಮಾಡುವ ಆಸೆ ಹಲವರಿಗೆ ಇರುತ್ತದೆ. ಮಾಡಿದರೆ ಎಲ್ಲ ಸ್ವಿಚ್‌ಗಳ ಸಮಯವೂ ಅದಕ್ಕೆ ಹೊಂದಬೇಕು, ಇಷ್ಟು ಸಣ್ಣ ಜಾಗದಲ್ಲಿ ಅದರಿಂದ ಲಾಭ ಏನೂ ಇಲ್ಲ.

ವಿಳಾಸವನ್ನು ಮಾತ್ರ ಬದಲಿಸಿದೆ. ಹುಡುಗ ಹಳೆ ರೂಟರ್‌ನ 10.20.0.254 ಅನ್ನೇ ಸ್ವಿಚ್‌ಗೆ ಕೊಟ್ಟಿದ್ದ. ಒಂದೇ ಕಡೆ ಇಬ್ಬರು ಕ್ವೆರಿಯರ್ ಇದ್ದರೆ ಐಜಿಎಂಪಿಯಲ್ಲಿ ಚುನಾವಣೆ ನಡೆಯುತ್ತದೆ, ಕಡಿಮೆ ಐಪಿ ವಿಳಾಸದವರು ಗೆಲ್ಲುತ್ತಾರೆ, ಇನ್ನೊಬ್ಬರು ಸುಮ್ಮನಾಗುತ್ತಾರೆ. ಯಂತ್ರ ದೊಡ್ಡದೋ ಸಣ್ಣದೋ, ಯಾವ ಜಾಗದಲ್ಲಿದೆ ಅಂತ ನೋಡುವುದಿಲ್ಲ. ಹಾಗಾಗಿ ಕಾಟೇಜ್‌ನ 11 ಆನ್ ಇರುವವರೆಗೆ 254 ರಲ್ಲಿ ಕ್ವೆರಿಯರ್ ಆನ್ ಮಾಡಿದ್ದರೂ ಅದು ಬಾಯಿ ಬಿಡುತ್ತಿರಲಿಲ್ಲ. ಸ್ವಿಚ್‌ಗೆ 10.20.0.1 ಕೊಟ್ಟೆ, ಬಾಕ್ಸ್‌ಗಳಿಗೆ ಡಿಎಚ್‌ಸಿಪಿಯಿಂದ ಹೊಸ ಗೇಟ್‌ವೇ ಹೋಯಿತು. ಕಾಟೇಜ್ ಸ್ವಿಚ್‌ನಲ್ಲಿ ಕ್ವೆರಿಯರ್ ಆಫ್. ಮುಂದೆ ಯಾರಾದರೂ ಅದನ್ನು ಮತ್ತೆ ಆನ್ ಮಾಡಿದರೂ ಗೆಲ್ಲುವುದು 1.

ವಿಳಾಸವೇ ಇಲ್ಲದ ವಿಎಲ್ಯಾನ್‌ನಲ್ಲಿ ಕ್ವೆರಿಯರ್ ಆನ್ ಮಾಡುವವರಿಗೂ ಒಂದು ಮಾತು. ಕೆಲವು ಸ್ವಿಚ್‌ಗಳು ಆಗ 0.0.0.0 ಅಂತ ಹಾಕಿ ಕ್ವೆರಿ ಕಳಿಸುತ್ತವೆ. ಬೇರೆ ಸ್ವಿಚ್ ಅದನ್ನು ನೋಡಿ ಎಂರೂಟರ್ ಗುರುತು ಹಾಕಿಕೊಳ್ಳದೇ ಇರಬಹುದು. ಟೇಬಲ್‌ನಲ್ಲಿ ಕ್ವೆರಿಯರ್ ಆನ್ ಅಂತ ಕಾಣುತ್ತದೆ, ಟಿವಿ ಮಾತ್ರ ಬರುವುದಿಲ್ಲ. ಸುಮ್ನೆ ಒಂದು ಐಪಿ ಕೊಟ್ಟುಬಿಡಿ.

ಎರಡೂ ಸಣ್ಣ ಸ್ವಿಚ್‌ಗಳು ಅಪ್‌ಲಿಂಕ್ ಪೋರ್ಟನ್ನು (ರೂಟಿಂಗ್ ಸ್ವಿಚ್ ಕಡೆಯದು) ಎಂರೂಟರ್ ಅಂತ ಕಲಿತವು. ಕಾಟೇಜ್‌ಗಳಲ್ಲಿ ಚಿತ್ರ ಬಂತು, ಮತ್ತೆ ಹೋಗಲಿಲ್ಲ. ಸಿಬ್ಬಂದಿಯ ಆಕ್ಸೆಸ್ ಪಾಯಿಂಟನ್ನು 20 ರಿಂದ ತೆಗೆದೆ. ಅಡುಗೆಮನೆಯ ಹುಡುಗರಿಗೆ ಸ್ವಲ್ಪ ಬೇಜಾರಾಯಿತು.

ಫಾಸ್ಟ್ ಲೀವ್ ಬಗ್ಗೆ ಗೌಡ್ರ ಮಗ ಎಲ್ಲೋ ಓದಿದ್ದ, ಹಾಕಿ ಅಂದ. ಅದು ಇದ್ದರೆ ಲೀವ್ ಬಂದ ಕ್ಷಣವೇ ಸ್ವಿಚ್ ಆ ಪೋರ್ಟ್ ಕತ್ತರಿಸುತ್ತದೆ. ಇಲ್ಲದಿದ್ದರೆ "ಇನ್ನೂ ಯಾರಾದರೂ ನೋಡುತ್ತಿದ್ದೀರಾ" ಅಂತ ಒಂದು ಸೆಕೆಂಡಿನ ಅಂತರದಲ್ಲಿ ಎರಡು ಸಲ ಕೇಳಿ, ಆಮೇಲೆ ನಿಲ್ಲಿಸುತ್ತದೆ. ಕೋಣೆಗಳಲ್ಲಿ ಪೋರ್ಟ್‌ಗೆ ಒಂದೇ ಟಿವಿ, ಅಲ್ಲಿ ಹಾಕಿದೆ. ಕೆಲವು ಕಾಟೇಜ್‌ನಲ್ಲಿ ಒಂದು ಸಾದಾ ಸ್ವಿಚ್ ಹಿಂದೆ ಎರಡು ಟಿವಿ ಇವೆ. ಅಲ್ಲಿ ಹಾಕಿದರೆ ಮಲಗುವ ಕೋಣೆಯವರು ಚಾನೆಲ್ ಬದಲಿಸಿದಾಗ ಹೊರಗೆ ಅದನ್ನೇ ನೋಡುತ್ತಿದ್ದವರ ಟಿವಿ ನಿಲ್ಲುತ್ತದೆ. ಹಾಕಲಿಲ್ಲ.

ಉಳಿದುಹೋದ 4 ಎಂಬಿಪಿಎಸ್

ಎಲ್ಲ ಮುಗಿಯಿತು ಅಂತ ರೇಡಿಯೋ ಲೆಕ್ಕ ನೋಡಿದೆ. ಕಾಟೇಜ್‌ನ ಎಲ್ಲ ಟಿವಿ ಆಫ್ ಮಾಡಿಸಿದ್ದರೂ ಕ್ಯಾಮೆರಾ ಬಿಟ್ಟು 4 ಎಂಬಿಪಿಎಸ್ ಆ ಕಡೆ ಹೋಗುತ್ತಲೇ ಇದೆ. ದೊಡ್ಡದಲ್ಲ, ಆದರೆ ಕಾರಣ ಗೊತ್ತಿಲ್ಲದೆ ಬಿಡಲು ಆಗಲಿಲ್ಲ. ಅದು ರೆಸಾರ್ಟ್‌ನ ಸ್ವಂತ ಚಾನೆಲ್. ಆಗುಂಬೆ ಸೂರ್ಯಾಸ್ತ, ಊಟದ ಸಮಯ ಎಲ್ಲ ತೋರಿಸುವ ವಿಡಿಯೋ, ಒಂದು ಸಣ್ಣ ಕಂಪ್ಯೂಟರ್‌ನಿಂದ ಸುತ್ತು ಸುತ್ತು ಓಡುತ್ತದೆ. ಅದಕ್ಕೆ ಯಾರೋ ಕೊಟ್ಟ ವಿಳಾಸ 239.0.0.5.

ಮಲ್ಟಿಕಾಸ್ಟ್ ಐಪಿಯನ್ನು ಈಥರ್ನೆಟ್ ವಿಳಾಸಕ್ಕೆ ತಿರುಗಿಸುವಾಗ ಕೊನೆಯ 23 ಬಿಟ್ ಮಾತ್ರ ಉಳಿಯುತ್ತದೆ. ಹಾಗಾಗಿ 32 ಐಪಿ ವಿಳಾಸಗಳಿಗೆ ಒಂದೇ ಈಥರ್ನೆಟ್ ವಿಳಾಸ, ಅಂದರೆ ಮ್ಯಾಕ್ ವಿಳಾಸ. 239.0.0.5 ಕ್ಕೂ 224.0.0.5 ಕ್ಕೂ ಮ್ಯಾಕ್ ಒಂದೇ: 01:00:5ಇ:00:00:05. 224.0.0 ದಿಂದ ಶುರುವಾಗುವವು ಓಎಸ್‌ಪಿಎಫ್‌ನಂಥ ರೂಟಿಂಗ್ ಮಾತುಕತೆಗೆ ಮೀಸಲು. ಅದನ್ನು ಸ್ನೂಪಿಂಗ್ ಮುಟ್ಟಬಾರದು, ಎಲ್ಲ ಪೋರ್ಟ್‌ಗೂ ಬಿಡಬೇಕು. ಮ್ಯಾಕ್ ನೋಡಿ ತೀರ್ಮಾನ ಮಾಡುವ ಈ ಸ್ವಿಚ್‌ಗೆ ಸೂರ್ಯಾಸ್ತವೂ ಓಎಸ್‌ಪಿಎಫ್ ಥರವೇ ಕಂಡಿತು. ವಿಳಾಸವನ್ನು 239.20.1.31 ಮಾಡಿದೆ. ಆ 4 ಹೋಯಿತು. ಹೊಸದಾಗಿ ಗುಂಪಿನ ವಿಳಾಸ ಆರಿಸುವವರು 239.0.0 ಮತ್ತು 239.128.0 ಎರಡನ್ನೂ ಬಿಟ್ಟುಬಿಡುವುದು ಒಳ್ಳೆಯದು.

ಈಗಿನ ಸ್ಥಿತಿ

ಗೌಡ್ರಿಗೆ ಕೊಟ್ಟ ಲೆಕ್ಕ ಹೀಗೆ. ಕಾಟೇಜ್‌ಗಳಲ್ಲಿ ಏಕಕಾಲಕ್ಕೆ ಆರು ಬೇರೆ ಬೇರೆ ಚಾನೆಲ್ ಓಡಿ, ಆರೂ ಜನ ಒಟ್ಟಿಗೆ ಚಾನೆಲ್ ಬದಲಿಸಿದರೂ, ಹಳೆಯದು ಹೊಸದು ಸೇರಿ ಎರಡು ಸೆಕೆಂಡ್ ಮಟ್ಟಿಗೆ 30 ಎಂಬಿಪಿಎಸ್. ಕ್ಯಾಮೆರಾಗಳದ್ದು 8. 60 ರಲ್ಲಿ ಆರಾಮಾಗಿ ಹೋಗುತ್ತದೆ. ಎರಡೆರಡು ಟಿವಿ ಇರುವ ಕಾಟೇಜ್‌ಗಳನ್ನು ಸೇರಿಸಿದರೆ ಸ್ವಲ್ಪ ಏರುತ್ತದೆ, ಆದರೂ ಮಿತಿಯೊಳಗೇ. ಪ್ರಶ್ನೆ ಇರುವುದು ಆ 60 ಮಳೆಗಾಲ ಪೂರ್ತಿ 60 ಆಗಿ ಉಳಿಯುತ್ತದೆಯೇ ಅನ್ನುವುದು. ಅಡಿಕೆ ಮರ ವರ್ಷ ವರ್ಷ ಎತ್ತರವಾಗುತ್ತದೆ, ರೇಡಿಯೋದ ಕಂಬ ಆಗುವುದಿಲ್ಲ. ಕಾಟೇಜ್‌ಗೆ ಫೈಬರ್ ಎಳೆಯಿರಿ ಅಂದೆ. ಮಳೆಗಾಲದಲ್ಲಿ ತೋಟದ ಕಪ್ಪು (ನೀರು ಹರಿಯುವ ಕಾಲುವೆ) ಅಗೆಯುವ ಹಾಗಿಲ್ಲ, ಕೊಯ್ಲು ಮುಗಿದ ಮೇಲೆ ನೋಡುವ ಅಂದರು. ಫೈಬರ್ ಬಂದರೆ ಮುಂದಿನ ಸಿಡಿಲಿಗೆ ಕಾಟೇಜ್ ಸ್ವಿಚ್ ಉಳಿಯುವ ಸಾಧ್ಯತೆಯೂ ಜಾಸ್ತಿ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ರ‍್ಯಾಕ್ ಬಾಗಿಲಿನ ಒಳಗೆ ಒಂದು ಹಾಳೆ ಅಂಟಿಸಿ ಬಂದಿದ್ದೇನೆ. ವಿಎಲ್ಯಾನ್ 20, ಕ್ವೆರಿಯರ್ 10.20.0.1, ಎಂರೂಟರ್ ಪೋರ್ಟ್‌ಗಳ ನಂಬರ್, ಚಾನೆಲ್ ವಿಳಾಸಗಳ ಪಟ್ಟಿ. ಅದರ ಒಂದು ಫೋಟೋ ಹುಡುಗನ ವಾಟ್ಸಾಪ್‌ಗೂ ಹೋಗಿದೆ. ಅವನು ಮರುದಿನ ಫೋನ್ ಮಾಡಿ, ಕೊಪ್ಪ ಕಡೆ ಇನ್ನೊಂದು ಲಾಡ್ಜ್‌ನಲ್ಲಿ ಸ್ನೂಪಿಂಗ್ ಆಫ್ ಮಾಡಿ ಬಂದಿದ್ದೇನೆ, ಅಲ್ಲಿ ಕ್ವೆರಿಯರ್ ಯಾರು ಅಂತ ಹೇಗೆ ನೋಡೋದು ಸಾರ್ ಅಂತ ಕೇಳಿದ.